ನಲ್ಲಿ ಎಲ್ಲಿ ಕೂಡ್ರಬೇಕು?

ಊರಿಗೆ ಕುಡಿಯುವ ನೀರಿನ ಒಂದೇ ಒಂದು ನಲ್ಲಿ ಮಂಜೂರಾಯಿತು. "ನನ್ನ ಮನಿ ಮುಂದನ ಕೂಡ್ರಬೇಕು" ಎಂದು ಪಂಚಾಯಿತಿ ಅಧ್ಯಕ್ಷ ನಿಂಗನಗೌಡರು ಎಂಜಿನಿಯರಿಗೆ ತಾಕೀತು ಮಾಡಿದರು. ಕೆಳಗಿನ ಓಣಿಯವರು ಹಳ್ಳದ ರಾಡಿನೀರನ್ನೇ ಸೋಸಿ ಕುಡಿಯುತ್ತಿದ್ದರು. ಅವರ ಮಕ್ಕಳನ್ನು ಭೇದಿ ಬಿಟ್ಟಿದ್ದೇ ಇರಲಿಲ್ಲ.

ಎಂಜಿನಿಯರು ಇನ್ನೂ ಅಲ್ಲೇ ಇದ್ದಾಗ ಆ ಓಣಿಯ ಹುಲಿಗೆವ್ವ ಗೌಡರ ಕಟ್ಟೆಗೆ ಬಂದು ಕೈಮುಗಿದಳು. "ಛಲೋ ಆತ್ರೀ ಗೌಡ್ರ. ನಸುಕಿನ್ಯಾಗ ಕೊಡ ತಗೊಂಡು ಎಲ್ಲಾರೂ ನಿಮ್ಮ ಬಾಗಿಲಿಗೇ ಬರ್ತೀವಿ."

"ಎಲ್ಲಾರೂ?"

"ಹೂಂ ಮತ್ತ. ಪಾಳಿ ಜಗಳಾನೂ ಇಲ್ಲೇ. ಬಿಡಿಸಾಕ ನೀವ ಇರ್ತೀರಲ್ಲ!"

ಗೌಡರು ತಲೆ ಕೆರೆದುಕೊಂಡರು. "ಚೆಲ್ಲಿದ ನೀರು?"

"ನಿಮ್ಮ ಅಂಗಳಕ್ಕ ಹರೀತೈತಿ. ಅಂಗಳ ದೊಡ್ಡದೈತಿ, ಹಿಡಸ್ತೈತಿ."

ಗೌಡರು ಎದ್ದರು, ಕೂತರು, ಮತ್ತೆ ಎದ್ದರು. "ಏ ಎಂಜಿನಿಯರ, ನಲ್ಲಿ ಕೆಳಗಿನ ಓಣ್ಯಾಗ ಹಾಕು!"

"ಬ್ಯಾಡ್ರೀ, ನಿಮಗ ದೂರಾಗ್ತೈತಿ," ಎಂದಳು ಹುಲಿಗೆವ್ವ.

"ನನಗ ಎದುರು ಮಾತಾಡ್ತಿ? ಅಲ್ಲೇ ಹಾಕು!"

ನಲ್ಲಿ ಅಲ್ಲೇ ಕೂತಿತು. ನೀರು ಬಂದ ಮೊದಲ ದಿನವೇ ಗೌಡರ ಹೆಂಡತಿ ತುಂಬಿದ ಕೊಡ ಹೊತ್ತು ಏದುಸಿರು ಬಿಡುತ್ತ ಮನೆಗೆ ಬಂದರು.

"ನಲ್ಲೀನ ಅಷ್ಟು ದೂರ ಹಾಕ್ಸಿದ ಪುಣ್ಯಾತ್ಮ ಯಾರು?"

"ನಾನ," ಎಂದರು ಗೌಡರು. "ಯಾಕ ಹಾಕ್ಸಿದೆ ಅಂತ ನನಗೂ ತಿಳೀವಲ್ದು."