ಗಟ್ಟಿ ಗೇರ್‌ಬಾಕ್ಸು

"ಬುದ್ಧಿ, ಹಾಲಮ್ಮನನ್ನು ಅಡುಗೆಮನೆಯಿಂದ ಬಿಡಿಸಿ, ಆ ಜಾಗಕ್ಕೆ ಗಟ್ಟಿಯಾದ ಒಬ್ಬರನ್ನು ಹಾಕಿಕೊಳ್ಳಲೇ?" ಎಂದು ಶಿಷ್ಯ ಚನ್ನವೀರ ಕೇಳಿದ.

ಕೇಳಿದ ಎನ್ನುವುದಕ್ಕಿಂತ ಸಿಡಿದ ಎನ್ನಬೇಕು. ಮಠದ ದಾಸೋಹದ ಹೊಣೆ ಅವನದು. ಮೊದಲು ಸೋಮವಾರ ಮಾತ್ರ ಇದ್ದ ದಾಸೋಹವನ್ನು ಅವನು ವೇದಿಕೆಯ ಮೇಲೆ ನಿಂತು ದಿನವೂ ಎಂದು ಸಾರಿದ್ದ. ಆಮೇಲೆ ಎರಡು ಹೊತ್ತೂ ಎಂದ. ಎರಡು ಸಲವೂ ಜನ ಚಪ್ಪಾಳೆ ತಟ್ಟಿದರು. ಅಡುಗೆಯ ಹಾಲಮ್ಮ ಮಾತ್ರ ಎರಡು ಸಲವೂ "ನನ್ ಕೈಲಿ ಆಗಲ್ಲ ಸ್ವಾಮಿ" ಎಂದಿದ್ದಳು. ನಿನ್ನೆ ಕೊನೆಯ ಪಂಕ್ತಿ ಕೂತಿದ್ದಾಗ ಅವಳು ಸೌಟು ಕೆಳಗಿಟ್ಟು ಬಾಗಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಎಷ್ಟು ಕರೆದರೂ ಏಳಲಿಲ್ಲ. ಜನ ಖಾಲಿ ಎಲೆಯ ಮುಂದಿನಿಂದ ಎದ್ದು ಹೋದರು.

"ನಾಲ್ಕು ಜನರ ಮುಂದೆ ಮಠದ ಮಾನ ತೆಗೆದಳು. ಇವತ್ತೇ ಕಳುಹಿಸಿಬಿಡುತ್ತೇನೆ, ಅಪ್ಪಣೆ ಕೊಡಿ" ಎಂದ ಚನ್ನವೀರ.

ಹಾಲಮ್ಮನಿಗೆ ಮಠ ಬಿಟ್ಟರೆ ಬೇರೆ ಮನೆಯಿರಲಿಲ್ಲ. ಅದು ಗುರುಗಳಿಗೆ ಗೊತ್ತಿತ್ತು, ಶಿಷ್ಯನಿಗೂ ಗೊತ್ತಿತ್ತು.

ಗುರುಗಳು ಮುಂಗೋಪಿ. ಬೈಯಲು ಅವರಿಗೆ ಕಾರಣ ಹೆಚ್ಚು ಬೇಕಾಗುತ್ತಿರಲಿಲ್ಲ. ಅಂದು ಅವರು ಬೈಯಲಿಲ್ಲ. "ಕೂತುಕೋ" ಎಂದರು. ಅಷ್ಟಕ್ಕೇ ಚನ್ನವೀರ ಹೆದರಬೇಕಿತ್ತು. ಅವನು ತನ್ನ ಸಿಟ್ಟಿನಲ್ಲಿದ್ದ. ಗುರುಗಳು ಹೇಳತೊಡಗಿದರು.

"ಒಬ್ಬ ವರ್ತಕನಿದ್ದ. ಬೆಟ್ಟದ ಬುಡದಲ್ಲಿ ಅವನ ಸಿಮೆಂಟು, ಕಬ್ಬಿಣದ ಅಂಗಡಿ. ಬೆಟ್ಟದ ಮೇಲೆ ಮನೆ ಕಟ್ಟುವವರಿಗೆ ಮಾಲು ಮುಟ್ಟಿಸಲು ಒಂದು ಪಿಕಪ್ ಗಾಡಿ ಇಟ್ಟಿದ್ದ. ನಮ್ಮ ಅಂಗಳದಲ್ಲಿ ಅಕ್ಕಿ ಇಳಿಸಿ ಹೋಗುತ್ತದಲ್ಲ, ಅಂಥದ್ದೇ. ಆದರೆ ಅವನದರಲ್ಲಿ ಎಂಜಿನ್ನಿನ ಬಲ ನಾಲ್ಕು ಗಾಲಿಗೂ ಹೋಗುತ್ತಿತ್ತು, ಗೇರು ತಾನೇ ಬದಲಾಗುತ್ತಿತ್ತು. ಅದನ್ನು ಓಡಿಸುತ್ತಿದ್ದವನು ವರ್ತಕನ ಒಡಹುಟ್ಟಿದ ತಮ್ಮ.

ಗಾಡಿ ಚೆನ್ನಾಗಿತ್ತು. ವರ್ತಕನ ಬುದ್ಧಿ ಚೆನ್ನಾಗಿರಲಿಲ್ಲ. ಹೊರಬಹುದಾದ್ದಕ್ಕಿಂತ ಹೆಚ್ಚು ಹೇರಿಸುತ್ತಿದ್ದ. ಹಾಗೆ ಹೇರಿದಾಗಲೆಲ್ಲ ಗಾಡಿ ಬೆಟ್ಟದ ಮೊದಲ ಏರಿನಲ್ಲೇ ನಿಂತುಬಿಡುತ್ತಿತ್ತು. ಎಂಜಿನ್ನು ಅರಚುತ್ತಿತ್ತು, ಗಾಲಿ ಮುಂದೆ ಹೋಗುತ್ತಿರಲಿಲ್ಲ. ಗೇರ್‌ಬಾಕ್ಸು ಕಾದು ಒಳಗೊಳಗೇ ಜಾರುತ್ತಿತ್ತು. ಎಣ್ಣೆ ಸುಟ್ಟ ವಾಸನೆ ಬರುತ್ತಿತ್ತು. ಆ ವಾಸನೆ ಬಂದೊಡನೆ ತಮ್ಮ ಇಳಿದು ಬಾನೆಟ್ಟಿನ ಮೇಲೆ ಮೆಲ್ಲಗೆ ತಟ್ಟಿ, 'ಆಯ್ತು ಮಾರಾಯ, ಗೊತ್ತಾಯ್ತು' ಎನ್ನುತ್ತಿದ್ದ. ಗಾಡಿಯನ್ನು ಹಿಂದಕ್ಕೆ ಬಿಟ್ಟು, ಅರ್ಧ ಮೂಟೆ ಇಳಿಸಿ, ಎರಡು ಸಲ ಹತ್ತಿ ಬರುತ್ತಿದ್ದ. ಯಾರಿಗೂ ಏನೂ ಆಗುತ್ತಿರಲಿಲ್ಲ. ಸ್ವಲ್ಪ ತಡವಾಗುತ್ತಿತ್ತು.

ಆ ತಡವನ್ನು ವರ್ತಕನಿಗೆ ಸಹಿಸಲಾಗಲಿಲ್ಲ. ಗಾಡಿಯ ಗಾಲಿಗೆ ಒದೆಯುತ್ತಿದ್ದ. ದಂಡಪಿಂಡ ಎಂದು ಬೈಯುತ್ತಿದ್ದ. ಕಬ್ಬಿಣಕ್ಕೆ ಬೈಯುವವನನ್ನು ನೋಡಿದ್ದೀಯಾ? ಅವನು ಬೈಯುತ್ತಿದ್ದ. ತಮ್ಮ ಬಂದು, 'ಅಣ್ಣ, ಮೂಟೆ ಒಂದಷ್ಟು ಕಡಿಮೆ ಹಾಕಿಸು' ಎಂದರೆ ಅವನಿಗೂ ಅದೇ ಬೈಗುಳ.

ಒಂದು ದಿನ ವರ್ತಕ ಗಾಡಿಯನ್ನು ಒಬ್ಬ ಮೆಕ್ಯಾನಿಕ್‌ನ ಗ್ಯಾರೇಜಿಗೆ ತಂದು ನಿಲ್ಲಿಸಿದ. 'ಈ ಕೆಲಸಕ್ಕೆ ಬಾರದ್ದನ್ನ ಬಿಚ್ಚಿ ಎಸಿ. ದೊಡ್ಡ ಗಾಡೀದು, ಜನ್ಮದಲ್ಲಿ ಜಾರದಂಥ ಗೇರ್‌ಬಾಕ್ಸು ಹಾಕಿಕೊಡು' ಎಂದ.

ಮೆಕ್ಯಾನಿಕ್ ಗಾಡಿಯ ಕೆಳಗೆ ತೂರಿ ನೋಡಿ ಎದ್ದು ಬಂದ. 'ಸಾವ್ಕಾರ್ರೇ, ಇದರ ಮೇಲೆ ಎಷ್ಟು ಹೇರ್ತೀರಿ?' ಎಂದು ಕೇಳಿದ.

'ಅದು ನಿನಗ್ಯಾಕೆ? ಹೇರೋದು ನನ್ನ ಕೆಲಸ. ನೀನು ನಿನ್ನ ಕೆಲಸ ನೋಡು.'

ಮೆಕ್ಯಾನಿಕ್ ಸುಮ್ಮನಾದ. ಅವನ ಮೇಲೂ ನನಗೆ ಸಿಟ್ಟಿದೆ. ಕೇಳಬೇಕಾದ್ದನ್ನು ಕೇಳಿದ, ಉತ್ತರ ಸಿಗದಿದ್ದರೂ ಸ್ಪ್ಯಾನರ್ ಕೈಗೆತ್ತಿಕೊಂಡ. ಗೊತ್ತಿಲ್ಲದೆ ತಪ್ಪು ಮಾಡುವವರನ್ನು ಒಂದು ಮಾತು ಬೈದು ಬಿಡಬಹುದು. ಗೊತ್ತಿದ್ದೂ ಗಿರಾಕಿಯ ಮುಖ ನೋಡಿ ಸುಮ್ಮನಾಗುವವರಿಗೆ ಏನು ಮಾಡೋಣ?

ಕೆಲಸ ಸುಲಭದ್ದಾಗಿರಲಿಲ್ಲ. ಹೊಸ ಗೇರ್‌ಬಾಕ್ಸು ಹಳೆಯದಕ್ಕಿಂತ ಒಂದು ಗೇಣು ಉದ್ದವಿತ್ತು. ಅದಕ್ಕಾಗಿ ಹಿಂದಿನ ಗಾಲಿಗಳಿಗೆ ಬಲ ಒಯ್ಯುವ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿದರು. ಮುಂದಿನ ಗಾಲಿಗಳಿಗೆ ಹೋಗುವುದನ್ನು ಬೆಸೆದು ಉದ್ದ ಮಾಡಿದರು. ಗೇರ್‌ಬಾಕ್ಸನ್ನು ಕೆಳಗಿನಿಂದ ಹೊರುವ ಅಡ್ಡಪಟ್ಟಿಯನ್ನು ಹಿಂದಕ್ಕೆ ಸರಿಸಿದರು. ಎಣ್ಣೆ ತಣ್ಣಗಿರಲೆಂದು ಬೇರೊಂದು ಕೂಲರ್ ಕೂರಿಸಿದರು. ಒಂದನ್ನು ಬದಲಾಯಿಸಲು ಹೋಗಿ ಸುತ್ತಲಿನ ಎಲ್ಲವನ್ನೂ ಕತ್ತರಿಸಿದರು, ಬೆಸೆದರು, ಸರಿಸಿದರು. ಯಾರೂ ಮುಟ್ಟದೆ ಉಳಿದದ್ದು ವರ್ತಕನ ಮೂಟೆಗಳ ರಾಶಿ ಮಾತ್ರ.

ಗಾಡಿ ಹೊರಬಂತು. ವರ್ತಕ ಮೂಟೆ ಹೇರಿಸಿದ. ಮೊದಲ ಏರಿನಲ್ಲಿ ಗಾಡಿ ನಿಲ್ಲಲಿಲ್ಲ. ಅಂಗಡಿಯ ಮುಂದೆ ನಿಂತವರಿಗೆಲ್ಲ ವರ್ತಕ ಚಹಾ ಕುಡಿಸಿದ. ಮರುದಿನ ಇನ್ನಷ್ಟು ಹೇರಿಸಿದ. ಆಗಲೂ ನಿಲ್ಲಲಿಲ್ಲ. ಆಮೇಲೆ ಮೂಟೆಗಳ ಮೇಲೆ ಕಬ್ಬಿಣದ ಸರಳುಗಳನ್ನೂ ಹಾಕಿಸತೊಡಗಿದ. ತಮ್ಮ ಏನೋ ಹೇಳಲು ಹೋದ. 'ಗಾಡೀನೇ ಸುಮ್ಮನಿದೆ, ನಿಂದೇನೋ?' ಎಂದು ಅಣ್ಣ ಬಾಯಿ ಮುಚ್ಚಿಸಿದ."

ಗುರುಗಳ ದನಿ ಏರಿತು.

"ಕೇಳಿದೆಯಾ ಚನ್ನವೀರ? ಗಾಡಿ ಸುಮ್ಮನಿದೆಯಂತೆ! ಬೇಡ ಎನ್ನುತ್ತಿದ್ದದ್ದನ್ನು ಬಿಚ್ಚಿ ಗುಜರಿಗೆ ಹಾಕಿದ್ದಾನೆ. ಇನ್ನು ಬೇಡ ಎನ್ನಲು ಅಲ್ಲಿ ಯಾರಿದ್ದಾರೆ?

ಬೆಟ್ಟದ ಕೊನೆಯ ತಿರುವಿನಲ್ಲಿ ಗಾಡಿಯ ಹಿಂದಿನ ಗಾಲಿಗಳ ಅಚ್ಚು ಮುರಿಯಿತು. ಹೊಸ ಗೇರ್‌ಬಾಕ್ಸು ಜಾರದೆ ಎಳೆದ ಭಾರವೆಲ್ಲ ಆ ಅಚ್ಚಿನ ಮೇಲೆ ಬಿದ್ದಿತ್ತು. ಅಚ್ಚಿಗೆ ಜಾರಲು ಬರುವುದಿಲ್ಲ, ಮುರಿಯಲು ಮಾತ್ರ ಬರುತ್ತದೆ. ಮುಂದಿನ ಗಾಲಿಗಳು ಹಗುರಾಗಿದ್ದವು, ನೆಲ ಹಿಡಿಯಲಿಲ್ಲ. ಬ್ರೇಕು ಅಷ್ಟು ಹೊರೆಯನ್ನು ತಡೆಯಲಿಲ್ಲ. ಗಾಡಿ ಹಿಂದಕ್ಕೆ ಜರುಗಿ ರಸ್ತೆಯ ಪಕ್ಕಕ್ಕೆ ಮಗುಚಿತು. ಮೂಟೆ, ಸರಳುಗಳೆಲ್ಲ ತಮ್ಮ ಕೂತಿದ್ದ ಕಡೆಗೆ ಬಂದು ಬಿದ್ದವು. ಅವನು ಬದುಕಿದ. ಅವನ ಎರಡೂ ಕಾಲುಗಳು ಉಳಿಯಲಿಲ್ಲ.

ಹಳೆಯ ಗೇರ್‌ಬಾಕ್ಸು ನಿಲ್ಲುತ್ತಿದ್ದದ್ದು ಬುಡದಲ್ಲಿ. ಅಲ್ಲಿ ನಿಂತರೆ ಇಳಿದು ಬೆವರು ಒರೆಸಿಕೊಳ್ಳಬಹುದಿತ್ತು. ಅದನ್ನು ಅವನು ಕೆಲಸಕ್ಕೆ ಬಾರದ್ದು ಎಂದ!

ಗಾಡಿಯನ್ನು ಎಳೆದು ತಂದು ಅದೇ ಗ್ಯಾರೇಜಿನಲ್ಲಿ ಹಾಕಿದರು. ವರ್ತಕ ಆಸ್ಪತ್ರೆಯಿಂದ ನೇರ ಅಲ್ಲಿಗೆ ಬಂದ. ಅತ್ತು ಅತ್ತು ಅವನ ಕಣ್ಣು ಊದಿದ್ದವು, ಸುಳ್ಳು ಹೇಳಬಾರದು. ತಮ್ಮನ ಮೇಲೆ ಅವನಿಗೆ ಪ್ರೀತಿಯಿತ್ತು. ಕೆಳಗೆ ಕೂತು ಇಣುಕಿ ನೋಡಿದ. ಗೇರ್‌ಬಾಕ್ಸಿಗೆ ಒಂದು ಗೀರೂ ಆಗಿರಲಿಲ್ಲ. ಆಮೇಲೆ ಮುರಿದ ಅಚ್ಚಿನ ತುಂಡನ್ನು ಕೈಯಲ್ಲಿ ಹಿಡಿದು, ಮೆಕ್ಯಾನಿಕ್‌ನನ್ನು ಕೇಳಿದ. ಏನು ಕೇಳಿದ ಗೊತ್ತೇ? 'ಇದಕ್ಕಿಂತ ಗಟ್ಟಿ ಅಚ್ಚು ಎಲ್ಲಾದರೂ ಸಿಗುತ್ತೇನೋ?'"

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಮೆಕ್ಯಾನಿಕ್ ಏನೆಂದ ಬುದ್ಧಿ?" ಎಂದು ಚನ್ನವೀರ ಕೇಳಿದ.

"ಮೊದಲ ದಿನ ಕೇಳಿದ್ದನ್ನೇ ಕೇಳಿದ. ಎಷ್ಟು ಹೇರಿದ್ದಿರಿ ಎಂದ. ಈ ಸಲ ಸ್ಪ್ಯಾನರ್ ಮುಟ್ಟದೆ ಕಾದ. ವರ್ತಕ ಬಾಯಿ ಬಿಡಲಿಲ್ಲ. ಬಿಡುವುದು ಹೇಗೆ? ಅವನಿಗೆ ಗೊತ್ತಿದ್ದರೆ ತಾನೇ? ಗಾಡಿ ನಿಲ್ಲುವವರೆಗೆ ಹೇರುವುದು, ನಿಂತರೆ ಗಾಡಿಯನ್ನು ಬೈಯುವುದು. ಅವನು ಕಲಿತದ್ದು ಅಷ್ಟೇ."

ಚನ್ನವೀರನ ಸಿಟ್ಟು ಇಳಿದಿತ್ತು. ಮುಖದಲ್ಲಿ ಬೆಳಕು ಬಂದಂತಿತ್ತು.

"ತಿಳಿಯಿತು ಬುದ್ಧಿ. ಹಾಲಮ್ಮನನ್ನು ಬಿಡಿಸುವುದಿಲ್ಲ. ಅವಳು ಇರಲಿ. ಅವಳ ಜೊತೆಗೆ ಗಟ್ಟಿಯಾದ ಇಬ್ಬರನ್ನು ಹಾಕುತ್ತೇನೆ. ಮುಂದಿನ ತಿಂಗಳಿಂದ ಬೆಳಗಿನ ಉಪಾಹಾರವನ್ನೂ ಕೊಡುತ್ತೇವೆ ಎಂದು ಭಕ್ತರಿಗೆ ಮಾತು ಕೊಟ್ಟಿದ್ದೇನೆ. ಅದಕ್ಕೂ ಅನುಕೂಲವಾಗುತ್ತದೆ" ಎಂದ.

ಗುರುಗಳು ಅವನನ್ನು ದಿಟ್ಟಿಸಿ ನೋಡಿದರು. ಬೈಗುಳ ಬಾಯಿಯ ತನಕ ಬಂದಿತ್ತು. ಅದನ್ನು ನುಂಗಿಕೊಂಡರು. ಮತ್ತೆ ಮಾತಾಡಿದಾಗ ಅವರ ದನಿ ಬಹಳ ಸಣ್ಣದಾಗಿತ್ತು.

"ನಿನ್ನೆ ಹಾಲಮ್ಮ ಉಂಡದ್ದು ಯಾವಾಗ, ಹೇಳು."

ಚನ್ನವೀರನಿಗೆ ಗೊತ್ತಿರಲಿಲ್ಲ.