ಕತ್ತು ಒಡ್ಡಿದ ಕುದುರೆಗಳು

ಬನ್ನಿ, ಹತ್ತಿರ ಬಂದು ಕೂತುಕೊಳ್ಳಿ. ಕಾಲು ಚಾಚುವವರು ಚಾಚಿಕೊಳ್ಳಿ. ಕತೆ ಚಿಕ್ಕದು, ಆದರೆ ಸಿಹಿಯಾದದ್ದಲ್ಲ. ನಡುವೆ ಎದ್ದು ಹೋಗುವುದಾದರೆ ಈಗಲೇ ಹೋಗಿಬಿಡಿ, ನನಗೇನೂ ಬೇಜಾರಿಲ್ಲ.

ಹೊಳೆದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮರುಳಯ್ಯ ಅಂತ ಒಬ್ಬ ಗುರುಗಳು. ಜಪತಪ ಹೇಳಿಕೊಡುವ ಗುರುಗಳಲ್ಲ. ಮದ್ದು ತಯಾರಿಸುವ ದೊಡ್ಡ ದೊಡ್ಡ ಕಂಪನಿಯವರು ದಾರಿ ಕಾಣದೆ ನಿಂತಾಗ, ಇಂಥದ್ದು ಮಾಡಿ, ಇಂಥದ್ದು ಬಿಡಿ ಅಂತ ಸಲಹೆ ಹೇಳುತ್ತಿದ್ದವರು. ವಯಸ್ಸಾದ ಮೇಲೆ ಆ ವಿದ್ಯೆಯನ್ನೇ ಶಿಷ್ಯರಿಗೆ ಕಲಿಸುತ್ತಿದ್ದರು.

ಅವರದು ಒಂದೇ ಕಟ್ಟಳೆ.

"ಏನನ್ನಾದರೂ ಮುಚ್ಚಿ ಅಂತ ಹೇಳುವ ಮುಂಚೆ, ಅಲ್ಲಿ ಒಂದು ದಿನ ಕೂಲಿಯವನ ಹಾಗೆ ದುಡಿ. ಆಮೇಲೆ ಬಾಯಿಬಿಡು."

ಶಿಷ್ಯರಲ್ಲಿ ನಂದೀಶ ಅನ್ನುವವನು ಬಲು ಚುರುಕು. ಗುರುಗಳು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ಅವನೇ ಹೇಳಿಬಿಡುತ್ತಿದ್ದ.

ಒಂದು ದಿನ ಪದ್ಮರಾಜಯ್ಯ ಅನ್ನುವ ಮದ್ದಿನ ಕಂಪನಿಯ ಯಜಮಾನ ಬಂದ. ಅವನ ಕಾರ್ಖಾನೆಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಯೂ ಆಗುತ್ತಿತ್ತು, ಹಾವು ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ನೂ ಆಗುತ್ತಿತ್ತು. ಈ ಸೀಮೆಯ ಆಸ್ಪತ್ರೆಗಳಿಗೆಲ್ಲ ಹಾವಿನ ಮದ್ದು ಹೋಗುತ್ತಿದ್ದದ್ದು ಅಲ್ಲಿಂದಲೇ.

ಆ ಮದ್ದು ಹೇಗಾಗುತ್ತೆ ಗೊತ್ತೇನ್ರೋ? ಕುದುರೆಗೆ ವಿಷವನ್ನು ಚೂರುಚೂರೇ ಚುಚ್ಚಿ, ತಿಂಗಳುಗಟ್ಟಲೆ ಒಗ್ಗಿಸುತ್ತಾರೆ. ಆಮೇಲೆ ಅದರ ಕತ್ತಿನಿಂದ ಒಂದಿಷ್ಟು ರಕ್ತ ತೆಗೆಯುತ್ತಾರೆ. ನಮ್ಮ ಜೀವ ಉಳಿಸುವುದು ಆ ರಕ್ತದಿಂದ ತೆಗೆದ ಮದ್ದು.

"ಬುದ್ಧಿ, ಎರಡನ್ನೂ ಎಳೆದು ಸಾಕಾಗಿದೆ. ಯಾವುದನ್ನು ಉಳಿಸಿಕೊಳ್ಳಲಿ, ಯಾವುದನ್ನು ಬಿಡಲಿ?" ಅಂದ ಯಜಮಾನ.

ಗುರುಗಳಿಗೆ ಮಂಡಿನೋವು. "ನಂದೀಶ, ನೀನು ಹೋಗಿಬಾ" ಅಂದರು.

ಹತ್ತು ದಿನಕ್ಕೆ ನಂದೀಶ ತಿರುಗಿ ಬಂದ. ಮುಖ ಬೆಳಗುತ್ತಿತ್ತು.

"ಏನು ಹೇಳಿದೆ?" ಅಂದರು ಗುರುಗಳು.

"ಕುದುರೆ ಮಾರಿಬಿಡಿ ಅಂದೆ ಬುದ್ಧಿ. ಸಕ್ಕರೆ ಕಾಯಿಲೆಯವನಿಗೆ ಸಾಯೋತನಕ ದಿನಾ ಮಾತ್ರೆ ಬೇಕು. ಹಾವು ಕಚ್ಚಿದವನು ಒಂದು ಸಲದ ಗಿರಾಕಿ."

"ಲಾಯದಲ್ಲಿ ದುಡಿದೆಯಾ?"

"ನೋಡಿದೆ."

"ದುಡಿದೆಯಾ ಅಂದೆ."

ನಂದೀಶ ತಲೆ ಕೆರೆದುಕೊಂಡ. "ಬಾಗಿಲಲ್ಲೇ ಗೊತ್ತಾಗಿಹೋಯಿತು ಬುದ್ಧಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ, ಒಳಗೆಲ್ಲ ಲದ್ದಿ. ನನ್ನ ಕಂಡದ್ದೇ ತಡ, ಇಪ್ಪತ್ತೆಂಟು ಕುದುರೆಯೂ ಕತ್ತು ಮುಂದಕ್ಕೆ ಚಾಚಿದವು. ಆಗತಾನೇ ಮೇವು ತಿಂದಿದ್ದವು, ಆದರೂ ಮತ್ತೆ ಮೇವಿಗೆ ಹಾತೊರೆತ. ಹೊಟ್ಟೆಬಾಕ ಪ್ರಾಣಿಗಳು. ಅದನ್ನೇ ಬರೆದುಕೊಟ್ಟೆ."

ಗುರುಗಳು ಊರುಗೋಲು ತೆಗೆದುಕೊಂಡು ಎದ್ದರು. ಮಂಡಿನೋವಿನಲ್ಲೇ ಬಸ್ಸು ಹತ್ತಿದರು. ಶಿಷ್ಯ ಹಿಂದೆ ಹೋದ.

ಲಾಯ ಖಾಲಿ. ಗೋಡೆಗೆ ಆಗಲೇ ಸುಣ್ಣ ಬಳಿದಾಗಿತ್ತು. ಕುದುರೆ ನೋಡಿಕೊಳ್ಳುತ್ತಿದ್ದ ಇಮಾಂಸಾಬರು ಒಬ್ಬರೇ ಕೂತು, ಕುದುರೆಗೆ ಹೊದಿಸುತ್ತಿದ್ದ ಕಂಬಳಿಗಳನ್ನು ಮಡಿಸುತ್ತಿದ್ದರು.

"ಕುದುರೆಗಳೆಲ್ಲಿ ಸಾಬರೇ?"

"ಮೊನ್ನೆ ಲಾರಿ ಬಂತು ಸ್ವಾಮಿ. ಕೆಲವು ಜಟಕಾಗೆ, ಕೆಲವು ಮದುವೆ ಮೆರವಣಿಗೆಗೆ. ಕೆಲವು ಎಲ್ಲಿಗೋ, ನಾನು ಕೇಳಲಿಲ್ಲ."

"ಈ ನನ್ನ ಶಿಷ್ಯನ ಕಂಡು ಅವು ಕತ್ತು ಚಾಚಿದವಂತೆ. ಮೇವಿಗಾ?"

ಸಾಬರು ತಲೆಯೆತ್ತಿ ನಂದೀಶನನ್ನು ನೋಡಿದರು.

"ಓಹೋ, ಆ ಬಾಬು ನೀವೇನಾ? ಮೇವಿಗಲ್ಲಪ್ಪ. ನಮ್ಮ ಡಾಕ್ಟರು ಬಿಳಿ ಕೋಟು ಹಾಕಿಕೊಂಡು ಬರ್ತಾರಲ್ಲ, ರಕ್ತ ತೆಗೆಯೋಕೆ? ಬಿಳಿ ಬಟ್ಟೆ ಕಂಡರೆ ಅವೇ ಕತ್ತು ಒಡ್ಡುತ್ತವೆ. ಸೂಜಿ ಚುಚ್ಚಲಿ ಅಂತ."

ಆಮೇಲೆ ಮೆಲ್ಲಗೆ ಅಂದರು, "ಅವು ನಿಮ್ಮನ್ನ ಏನೂ ಕೇಳಿರಲಿಲ್ಲ ಬಾಬು. ಕೊಡೋಕೆ ನಿಂತಿದ್ದವು."

ನಂದೀಶ ಯಜಮಾನನ ಹತ್ತಿರ ಓಡಿದ. "ಅಯ್ಯಾ, ತಪ್ಪು ಹೇಳಿದೆ. ಕುದುರೆ ವಾಪಸ್ಸು ತರಿಸಿ."

ಯಜಮಾನ ನಕ್ಕ. "ಏನಪ್ಪಾ ನೀನು! ಎಂಥ ಚೆಂದದ ಸಲಹೆ ಕೊಟ್ಟು ಈಗ ನಾಚಿಕೆ ಪಡ್ತೀಯಲ್ಲ? ಲಾಯದ ಜಾಗದಲ್ಲಿ ಮಾತ್ರೆಯ ಮಿಷನ್ನು ಬರ್ತಿದೆ. ಕಾಫಿ ಕುಡಿದು ಹೋಗು."

ಮತ್ತೆ ಸಾಬರ ಹತ್ತಿರ ಓಡಿ ಬಂದ. "ಹೊಸ ಕುದುರೆ ನಾನೇ ತರ್ತೀನಿ. ಎಷ್ಟು ದಿನ ಬೇಕು?"

"ದಿನ ಅಲ್ಲಪ್ಪ, ತಿಂಗಳು. ವಿಷ ಒಗ್ಗಬೇಕಲ್ಲ. ಈ ಮಳೆಗಾಲ ಮುಗಿದಿರುತ್ತೆ."

ಮಳೆಗೆ ಇನ್ನು ಹದಿನೈದು ದಿನ. ಮಳೆ ಬಿದ್ದರೆ ನಾಟಿ. ನಾಟಿ ಅಂದರೆ ಗದ್ದೆಯಲ್ಲಿ ಹೆಂಗಸರ ಬರಿಗಾಲು, ಬದುವಿನ ಬಿಲದಲ್ಲಿ ಹಾವು. ಹತ್ತಿರದ ಆಸ್ಪತ್ರೆಯಲ್ಲಿ ಉಳಿದಿದ್ದ ಮದ್ದು ಒಂದು ಹಿಡಿಯಷ್ಟು.

ನಂದೀಶ ಗುರುಗಳ ಕಾಲು ಹಿಡಿದ. "ಬುದ್ಧಿ, ಇದಕ್ಕೇನು ಮಾಡಲಿ ಹೇಳಿ."

"ಮಾಡುವಂಥದ್ದು ಏನೂ ಉಳಿದಿಲ್ಲ. ಕೂರುವುದೊಂದು ಉಳಿದಿದೆ."

ಹಾಗಂದು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಾಗಿಲ ಮೆಟ್ಟಿಲು ತೋರಿಸಿದರು.

"ಇಲ್ಲಿ ಕೂತುಕೋ. ಮದ್ದು ಮುಗಿದ ದಿನದಿಂದ, ಹಾವಿನಿಂದ ಕಚ್ಚಿಸಿಕೊಂಡು ಬಂದವರಿಗೆ ಮದ್ದಿಲ್ಲ ಅಂತ ಹೇಳಬೇಕಾದವನು ನೀನು. ನರ್ಸಮ್ಮ ಯಾಕೆ ಹೇಳಬೇಕು?"

"ಅಷ್ಟು ದೊಡ್ಡ ಶಿಕ್ಷೆಯಾ ಬುದ್ಧಿ?"

ಗುರುಗಳು ಊರುಗೋಲು ಗೋಡೆಗೆ ಒರಗಿಸಿ ಅದೇ ಮೆಟ್ಟಿಲ ಮೇಲೆ ತಾವೂ ಕೂತರು. "ನಿನ್ನನ್ನು ಕಳಿಸಿದವನು ನಾನು. ನನಗೂ ಇಲ್ಲೇ ಜಾಗ."

ಮಳೆ ಬಂತು. ಒಂದು ಹಿಡಿ ಮದ್ದು ಒಂದೇ ವಾರಕ್ಕೆ ತೀರಿತು.

ಒಂದು ಬೆಳಿಗ್ಗೆ ಸಣ್ಣಮ್ಮ ಅನ್ನುವವಳು ಮಗಳನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ಮಗಳ ಹೆಸರು ಚಿಕ್ಕತಾಯಿ, ಹದಿನಾರು ವರ್ಷ. ಕಾಲಿನ ಕೆಸರು ಒಣಗಿರಲಿಲ್ಲ. ಕೈಯಲ್ಲಿ ಇನ್ನೂ ನಾಲ್ಕು ಪೈರು ಹಿಡಿದುಕೊಂಡಿತ್ತು ಮಗು.

"ಅಣ್ಣಾ, ಡಾಕ್ಟರ ಕರಿ! ಹಾವು ಕಚ್ಚೈತೆ. ಹೋದ ವರ್ಷ ನನಗೂ ಕಚ್ಚಿತ್ತು, ಇಲ್ಲೇ ಸೂಜಿ ಹಾಕಿ ಉಳಿಸಿದರು."

ನಂದೀಶ ಹೇಳಿದ: "ಮದ್ದಿಲ್ಲಮ್ಮ."

"ಅಂಗಂದರೇನು? ಒಳಗೆ ನೋಡಣ್ಣ. ಮೂಲೇಲಿ ಎಲ್ಲಾದರೂ ಇರ್ತದೆ."

"ಎಲ್ಲೂ ಇಲ್ಲಮ್ಮ."

"ಯಾವ ಪಾಪಿ ಖಾಲಿ ಮಾಡಿದೋನು?"

ನಂದೀಶ ಗುರುಗಳ ಕಡೆ ನೋಡಿದ. ಅವರು ಮಳೆ ನೋಡುತ್ತಿದ್ದರು.

"ನಾನೇ ಕಣಮ್ಮ" ಅಂದ.

ಸಣ್ಣಮ್ಮನಿಗೆ ಅದು ಅರ್ಥವೇ ಆಗಲಿಲ್ಲ ಮಕ್ಕಳೇ. ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡಳು. ಅವನನ್ನು ದಾಟಿಕೊಂಡು ಮಗಳನ್ನು ಹೊತ್ತು ಒಳಗೆ ಓಡಿದಳು. ಡಾಕ್ಟರಮ್ಮ ತನ್ನ ಕೈಲಾದದ್ದೆಲ್ಲ ಮಾಡಿದಳು. ಪಟ್ಟಣದ ಆಸ್ಪತ್ರೆಗೆ ಫೋನು ಮಾಡಿದರೆ ಅಲ್ಲೂ ಇಲ್ಲ. ಮಧ್ಯಾಹ್ನ ಮಳೆ ನಿಂತಿತು. ಒಳಗಿನಿಂದ ತಾಯಿಯ ಕೂಗು ಕೇಳಿತು.

ಅಷ್ಟೇ ಕತೆ. ಉಳಿದದ್ದು ಯಾರ್ಯಾರು ಏನಾದರು ಅನ್ನುವುದು.

ಯಜಮಾನ ಚೆನ್ನಾಗಿಯೇ ಇದ್ದಾನೆ. ಒಳ್ಳೆಯ ಸಲಹೆಗಾರ ಅಂತ ನಂದೀಶನ ಹೆಸರನ್ನು ನಾಲ್ಕು ಕಂಪನಿಗೆ ಹೇಳಿದ. ಅವರ ಕಾರುಗಳು ಆಸ್ಪತ್ರೆಯ ಮೆಟ್ಟಿಲವರೆಗೂ ಬಂದು ಹೋದವು.

ಇಮಾಂಸಾಬರು ಮೆರವಣಿಗೆಯ ಒಂದು ಕುದುರೆಯ ಹಿಂದೆಯೇ ಹೋಗಿ, ಅದರ ಲಗಾಮು ಹಿಡಿಯುವ ಕೆಲಸಕ್ಕೆ ಸೇರಿಕೊಂಡರು. ಬಿಳಿ ಪಂಚೆ, ಬಿಳಿ ಅಂಗಿಯ ಮದುಮಗ ಹತ್ತಿರ ಬಂದರೆ ಆ ಕುದುರೆ ಇವತ್ತಿಗೂ ಕತ್ತು ಒಡ್ಡುತ್ತಂತೆ. ನೋಡಿದವರು ನಗುತ್ತಾರಂತೆ.

ಸಣ್ಣಮ್ಮ ಮತ್ತೆ ನಾಟಿಗೆ ಹೋದಳು. ಹೋಗದೆ ಏನು ಮಾಡುತ್ತಾಳೆ?

ನಂದೀಶ ಮೆಟ್ಟಿಲ ಮೇಲೇ ಉಳಿದ. ಆ ಮಳೆಗಾಲದಲ್ಲಿ ಮದ್ದಿಲ್ಲ ಅಂತ ಎಷ್ಟು ಸಲ ಹೇಳಿದನೋ, ನಾನು ಕೇಳಲಿಲ್ಲ. ಮುಂದಿನ ವರ್ಷ ಬೇರೆ ಯಾವುದೋ ಸೀಮೆಯಿಂದ ಮದ್ದು ಬಂತು. ಆದರೂ ಅವನು ಏಳಲಿಲ್ಲ.

ಮದ್ದು ಬಂದ ವರ್ಷದ ಚಳಿಗಾಲದಲ್ಲಿ ಗುರುಗಳು ತೀರಿಕೊಂಡರು, ಅದೇ ಮೆಟ್ಟಿಲ ಮೇಲೆ, ಗೋಡೆಗೆ ಒರಗಿಕೊಂಡು. ಕೊನೆಯ ಉಸಿರು ಎಳೆಯುತ್ತಿದ್ದಾಗ ನಂದೀಶ ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಬುದ್ಧಿ, ಮದ್ದು ಬಂತು. ನಾನಿನ್ನು ಏಳಲಾ?"

ಗುರುಗಳು ಕಣ್ಣು ಬಿಟ್ಟರು.

"ಚಿಕ್ಕತಾಯಿ ಎದ್ದಳಾ?"