ಮೊದಲನೇ ಗುಂಡಿನ ಬಿಗಿ

ಖಂಡೇನವಮಿಯ ದಿನ. ಊರಿನವರು ನೇಗಿಲ ಕುಡ, ಕುಡಗೋಲು, ಟ್ರ್ಯಾಕ್ಟರ್ ಪೂಜೆಗಿಟ್ಟರೆ, ಕಲ್ಲುಗಣಿಯ ಮಾಲೀಕ ಗೂಳಪ್ಪ ತನ್ನ ಲೈಸೆನ್ಸಿನ ಪಿಸ್ತೂಲನ್ನೇ ಹೊಳೆದಂಡೆಯ ಮಠಕ್ಕೆ ಹೊತ್ತುಕೊಂಡು ಬಂದ. ಗುಂಡು ತೆಗೆದು, ಕೆಂಪು ವಸ್ತ್ರದ ಮೇಲೆ ಗುರುಗಳಾದ ಮೌನಪ್ಪಜ್ಜನ ಮುಂದಿಟ್ಟ.

“ಹೆಂಗೈತೋ ಇದು?” ಅಜ್ಜ ಕೇಳಿದರು.

ಕೇಳಿದ್ದೇ ತಡ, ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ಹೊಗಳುವ ತಂದೆಯ ಹಾಗೆ ಶುರು ಮಾಡಿದ.

“ಬಂಗಾರದಂಥಾದ್ರಿ ಅಜ್ಜಾರ! ಒಂಬತ್ತು ವರ್ಷ ಆತು, ಒಂದ ಗುಂಡೂ ಸಿಕ್ಕೊಂಡಿಲ್ಲ. ಮಳಿ ಇರ್ಲಿ, ಗಣಿ ಧೂಳು ಇರ್ಲಿ, ಢಂ ಅಂದ್ರ ಢಂ.”

“ಕುಂದು ಏನೂ ಇಲ್ಲ ಅನ್ನು.”

“ಒಂದೈತ್ರಿ. ಡಬಲ್ ಆಕ್ಷನ್ ನೋಡ್ರಿ ಇದು. ಮೊದಲನೇ ಗುಂಡಿಗೆ ಟ್ರಿಗರ್ ಭಾಳ ಬಿಗಿ, ಬೆರಳು ಸೋಲೂಮಟ ಜಗ್ಗಬೇಕು. ಎರಡನೇದು ಹೂವಿನಷ್ಟು ಹಗುರ. ನಾಳೆ ಪ್ಯಾಟಿಗೆ ಒಯ್ದು, ಅರದಿಂದ ಉಜ್ಜಿಸಿ ಮೊದಲನೇದನ್ನೂ ಹಗುರ ಮಾಡಸ್ತೀನಿ.”

“ಒಂಬತ್ತು ವರ್ಷ ಇಲ್ಲದ ತ್ರಾಸ ಈಗ್ಯಾಕ ಆತು?”

ಗೂಳಪ್ಪ ಊರಿಗೆಲ್ಲ ಸುಳ್ಳು ಹೇಳಬಲ್ಲ ಆಸಾಮಿ, ಅಜ್ಜನ ಮುಂದೆ ಮಾತ್ರ ಸುಳ್ಳಿಗೆ ನಾಲಿಗೆ ಹೊರಳುವುದಿಲ್ಲ.

“ಸ್ವಾಮವಾರ ನನ್ನ ತಮ್ಮ ಚನಮಲ್ಲ ಗಣಿಗೆ ಬಂದಿದ್ದ್ರಿ. ಆಳುಗಳ ಮುಂದ ನನಗ ಕಳ್ಳ ಅಂದ. ತಲಿ ಕೆಟ್ಟು ಹೋತು. ಪಿಸ್ತೂಲ್ ತಗದ್ನಿ.”

“ಜಗ್ಗಿದೇನು?”

“ಜಗ್ಗಿದ್ನಿರಿ.”

“ಶಿವ ಶಿವಾ!” ಅಂದರು ಅಜ್ಜ. “ಬೆನ್ನಿಗೆ ಬಿದ್ದ ತಮ್ಮನ ಮ್ಯಾಲೇನೋ?”

“ಎದಿಗೇ ಹಿಡಿದಿದ್ನಿರಿ. ಟ್ರಿಗರ್ ಅರ್ಧಾನೂ ಬಂದಿರ್ಲಿಲ್ಲ, ಬೆರಳು ಸೋತು ನಡುಗಾಕ ಹತ್ತಿತು. ಅಷ್ಟರಾಗ ಅಂವ ‘ಅಣ್ಣಾ’ ಅಂದ. ಕೈ ಇಳಿಸಿಬಿಟ್ನಿ.”

ತಾನು ಮಾಡಹೊರಟಿದ್ದು ಎಂಥದೆಂದು ಹೇಳುತ್ತ ಹೇಳುತ್ತಲೇ ಗೂಳಪ್ಪನಿಗೆ ಹೊಳೆಯಿತು. ಇಷ್ಟು ದಿನ ಅವನು ಕುದ್ದಿದ್ದು ಯಾತಕ್ಕೆ ಗೊತ್ತೇ? ಪಿಸ್ತೂಲು ಹೊತ್ತಿಗೆ ಒದಗಲಿಲ್ಲ, ಆಳುಗಳ ಮುಂದೆ ಮಾನ ಹೋಯಿತು ಅಂತ!

ಅಜ್ಜ ಗೋಡೆ ಹಿಡಿದು ಮೆಲ್ಲಗೆ ಎದ್ದರು. ಎಂಬತ್ತು ದಾಟಿದ ಜೀವ, ಸುತ್ತ ಹತ್ತೂರ ಜನ ಯಾರ ಪಾದಕ್ಕೆ ಬೀಳುತ್ತಾರೋ ಆ ಅಜ್ಜ, ಪಿಸ್ತೂಲಿನ ಮುಂದೆ ಉದ್ದಕ್ಕೆ ಅಡ್ಡಬಿದ್ದರು.

ಗೂಳಪ್ಪ ದಡಬಡಿಸಿ ಎದ್ದ.

“ಅಯ್ಯಯ್ಯೋ, ಇದೇನ್ರಿ ಅಜ್ಜಾರ! ಕಬ್ಬಿಣದ ತುಂಡಿಗೆ ನೀವು ಅಡ್ಡಬೀಳೂದಾ? ನನಗ ಪಾಪ ಸುತ್ತಕೋತೈತಿ, ಏಳ್ರಿ ಮ್ಯಾಲ!”

ತೋಳು ಹಿಡಿಯಲು ಬಂದವನ ಕೈ ಸರಿಸಿ ಅಜ್ಜ ತಾವೇ ಎದ್ದು ಕುಳಿತರು. ತಟ್ಟೆಯಿಂದ ಒಂದು ಚೆಂಡುಹೂ ತೆಗೆದು ಟ್ರಿಗರಿನ ಮೇಲಿಟ್ಟರು.

“ಸಿಟ್ಟು ಬಂದಾಗ ಒಂದು ಗಳಿಗಿ ತಡಿಯೋ ಅಂತ ಹದಿನೆಂಟು ವರ್ಷ ಬಡಕೊಂಡ್ನೆಪಾ, ಒಂದ ದಿನಾನೂ ನೀ ಕೇಳಲಿಲ್ಲ. ಇದು ಒಂದ ಸಲ ಹೇಳ್ತು, ಕೇಳಿದಿ. ಇಂಥಾ ಗುರುವಿನ ಬಾಯಿ ಮುಚ್ಚಸಾಕ ಹೊಂಟೀಯೇನೋ?”